ಕಡಲ ಬಿಸಿ ಅಳೆಯುವವರು ಯಾರು, ಆ ಕೆಂಪು ನಕ್ಷೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರದ ಊರು, ಮನೆಯಲ್ಲಿ ಬೋಟ್ ಇದೆ. ಮೇ ತಿಂಗಳು ಬಂತು ಅಂದರೆ ಟಿವಿಯಲ್ಲಿ 'ಅರಬ್ಬಿ ಸಮುದ್ರ 31 ಡಿಗ್ರಿ ಆಗಿದೆ, ಚಂಡಮಾರುತ ಬರುತ್ತದೆ' ಅಂತ ಕೆಂಪು ನಕ್ಷೆ ತೋರಿಸುತ್ತಾರೆ. ಅಷ್ಟು ದೊಡ್ಡ ಸಮುದ್ರದ ಬಿಸಿಯನ್ನು ಯಾರು ಹೋಗಿ ಅಳೆಯುತ್ತಾರೆ? ಉಪಗ್ರಹ ಅನ್ನುವುದಾದರೆ, ಮಳೆಗಾಲದಲ್ಲಿ ಮೋಡ ಮುಚ್ಚಿರುವಾಗ ಅದಕ್ಕೆ ಕಾಣುವುದು ಹೇಗೆ? ಅರ್ಧ ಡಿಗ್ರಿ ಆಚೀಚೆ ಆದರೆ ಏನಾಗಿಬಿಡುತ್ತದೆ? ಇನ್ನೊಂದು ವಿಷಯ. ಆಳ ಸಮುದ್ರದಲ್ಲಿ ಹಳದಿ ಬಣ್ಣದ ದೊಡ್ಡ ಬೋಯಾ ತೇಲುತ್ತಿರುತ್ತದೆ, ಕೆಲವು ಬೋಟಿನವರು ಅದಕ್ಕೆ ಹಗ್ಗ ಕಟ್ಟಿ ನಿಂತು ಮೀನು ಹಿಡಿಯುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ, ತುಂಬಾ ಇದೆ. ನೀವು ಟಿವಿಯಲ್ಲಿ ನೋಡುವ ಕೆಂಪು ನಕ್ಷೆ ನಿಂತಿರುವುದೇ ಅಂಥ ಬೋಯಾಗಳ ಮೇಲೆ. ಆದರೆ ಅದನ್ನು ಈಗಲೇ ಹೇಳಿದರೆ ಬರೀ ಉಪದೇಶದ ಹಾಗೆ ಕೇಳುತ್ತದೆ. ಹಾಗಾಗಿ ಮೊದಲಿಂದ ಬರುತ್ತೇನೆ, ಬೋಯಾದ ಮಾತು ಕೊನೆಗೆ.

ಯಾರಾದರೂ 'ಸಮುದ್ರ 31 ಡಿಗ್ರಿ' ಅಂದರೆ ನಾನು ಮೊದಲು ಕೇಳುವುದು, ಯಾವ ನೀರು ಅಂತ. ಎಷ್ಟು ಆಳದ್ದು? ಎಷ್ಟು ಹೊತ್ತಿಗೆ ಅಳೆದದ್ದು? ಬೇಸಿಗೆಯ ಮಧ್ಯಾಹ್ನ ಕೆರೆಗೆ ಇಳಿದವರಿಗೆ ಇದು ಗೊತ್ತಿರುತ್ತದೆ. ಎದೆಮಟ್ಟ ನೀರಿನಲ್ಲಿ ನಿಂತರೆ ಭುಜದ ಹತ್ತಿರ ಬೆಚ್ಚಗೆ, ಪಾದದ ಹತ್ತಿರ ತಣ್ಣಗೆ. ಕಡಲೂ ಹಾಗೆಯೇ. ಗಾಳಿ ಪೂರ್ತಿ ನಿಂತು ನೀರು ಕನ್ನಡಿಯ ಹಾಗೆ ಮಲಗಿರುವ ಏಪ್ರಿಲ್ ಮಧ್ಯಾಹ್ನಗಳನ್ನು ನಿಮ್ಮ ಬೋಟಿನವರು ನೋಡಿಯೇ ಇರುತ್ತಾರೆ. ಅಂಥ ಹೊತ್ತಿನಲ್ಲಿ ಮೇಲಿನ ಪದರ ಮಾತ್ರ ಕಾಯುತ್ತದೆ, ಕೆಲವು ಮೀಟರ್ ಕೆಳಗಿನ ನೀರಿಗಿಂತ 2-3 ಡಿಗ್ರಿ ಜಾಸ್ತಿ ಆಗುವುದೂ ಉಂಟು. ರಾತ್ರಿ ಆಯಿತು, ಸ್ವಲ್ಪ ಗಾಳಿ ಎದ್ದಿತು ಅಂದರೆ ಎಲ್ಲ ಕಲಸಿಹೋಗುತ್ತದೆ. ಹಾಗಾದರೆ ಆ ದಿನದ ಸಮುದ್ರದ ಬಿಸಿ ಎಷ್ಟು ಅಂತ ಬರೆಯಬೇಕು? ಮಧ್ಯಾಹ್ನದ್ದೋ, ಬೆಳಗಿನ ಜಾವದ್ದೋ?

ಇದರ ಮೇಲೆ ಇನ್ನೊಂದು ಸೂಕ್ಷ್ಮ ಇದೆ. ಸಮುದ್ರದ ಕಟ್ಟಕಡೆಯ ಮೇಲ್ಪದರ, ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ದಪ್ಪದ್ದು, ಅದರ ಕೆಳಗಿನ ನೀರಿಗಿಂತ ಸಾಮಾನ್ಯವಾಗಿ ಸ್ವಲ್ಪ ತಣ್ಣಗಿರುತ್ತದೆ. ನೀರು ಆವಿಯಾಗುವುದು ಅಲ್ಲಿಂದ, ಶಾಖ ಆಕಾಶಕ್ಕೆ ಹೋಗುವುದೂ ಅಲ್ಲಿಂದ. ಆ ತೆಳು ಪೊರೆ 0.1 ರಿಂದ 0.3 ಡಿಗ್ರಿ ಕಡಿಮೆ ಇರುವುದು ಮಾಮೂಲು. ನಾವು ಬಕೆಟ್ ಇಳಿಸಿದರೆ ಸಿಗುವುದು ಬೇರೆ ನೀರು, ಉಪಗ್ರಹಕ್ಕೆ ಕಾಣುವುದು ಈ ಪೊರೆ. ಎರಡೂ ಸರಿಯಾದ ಉತ್ತರವೇ, ಪ್ರಶ್ನೆ ಮಾತ್ರ ಬೇರೆ ಬೇರೆ.

ಬಕೆಟ್ ಅಂದೆ ಅಲ್ವಾ, ಅದನ್ನು ಸ್ವಲ್ಪ ಹೇಳಬೇಕು. ನಾನು ಮೊದಲ ಸಲ ಸಂಶೋಧನಾ ಹಡಗು ಹತ್ತಿದಾಗ ಯಂತ್ರಗಳು ಎಷ್ಟೋ ಇದ್ದವು, ಆದರೂ ನಮ್ಮ ಹಿರಿಯರೊಬ್ಬರು ದಿನಕ್ಕೆರಡು ಸಲ ಹಗ್ಗ ಕಟ್ಟಿದ ಬಕೆಟ್ ಇಳಿಸಲು ನನ್ನನ್ನು ಕಳಿಸುತ್ತಿದ್ದರು. ನೀರು ಎತ್ತಿ ಡೆಕ್ ಮೇಲೆ ಇಟ್ಟು ಥರ್ಮಾಮೀಟರ್ ಅದ್ದಿದೆ, 29.2 ತೋರಿಸಿತು. ಬರೆದುಕೊಳ್ಳಲು ಪುಸ್ತಕ ತರಲಿಲ್ಲ ಅಂತ ಒಳಗೆ ಹೋಗಿ ಬಂದೆ. ಅಷ್ಟರಲ್ಲಿ 28.8. ನೀರು ಅದೇ, ಬಕೆಟ್ ಅದೇ, ಮಧ್ಯೆ ಬೀಸಿದ್ದು ಗಾಳಿ ಮಾತ್ರ. 'ಈಗ ಸಮುದ್ರದ ಬಿಸಿ ಎಷ್ಟು ಅಂತ ಬರೆಯುತ್ತೀಯ?' ಅಂತ ಅವರು ಕೇಳಿದರು. ನಾನು ಬಕೆಟ್ ಚೆಲ್ಲಿ ಇನ್ನೊಮ್ಮೆ ಇಳಿಸಿದೆ. ಅವತ್ತಿನಿಂದ ಯಾವ ಅಂಕಿ ನೋಡಿದರೂ, ಇದನ್ನು ಅಳೆದಾಗ ಏನೇನು ಆಗಿರಬಹುದು ಅಂತ ಯೋಚಿಸುವುದು ಅಭ್ಯಾಸವಾಗಿದೆ.

ಇದು ಸಣ್ಣ ವಿಷಯ ಅಲ್ಲ. ಹಳೆಯ ಕಾಲದ ಹಡಗುಗಳಲ್ಲಿ ಮರದ ಬಕೆಟ್ ಇತ್ತು, ಆಮೇಲೆ ಕ್ಯಾನ್ವಾಸ್ ಬಟ್ಟೆಯ ಬಕೆಟ್ ಬಂತು. ಬಟ್ಟೆಯ ಬಕೆಟ್ ಅಂದರೆ ನಮ್ಮ ಮಣ್ಣಿನ ಮಡಕೆ ಇದ್ದ ಹಾಗೆ, ಹೊರಮೈ ಒದ್ದೆಯಾಗಿ ಆವಿಯಾಗುತ್ತಾ ಒಳಗಿನ ನೀರನ್ನು ತಣ್ಣಗೆ ಮಾಡುತ್ತದೆ. ಕಡಲು ಇದ್ದದ್ದಕ್ಕಿಂತ ತಣ್ಣಗಿದೆ ಅಂತ ಲೆಕ್ಕ ಬರುತ್ತದೆ. ಇನ್ನು ಕೆಲವು ಹಡಗುಗಳಲ್ಲಿ ಎಂಜಿನ್ ತಂಪು ಮಾಡಲು ಒಳಗೆ ಎಳೆದುಕೊಳ್ಳುವ ನೀರನ್ನೇ ಅಳೆಯುತ್ತಿದ್ದರು. ಅಲ್ಲಿ ಎಂಜಿನ್ ಕೋಣೆಯ ಶಾಖ ಸೇರಿ ಲೆಕ್ಕ ಸ್ವಲ್ಪ ಮೇಲೆ ಹೋಗುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ದಾಖಲೆಗಳ ದೊಡ್ಡ ಪಾಲು ಬಂದದ್ದು ಅಮೆರಿಕದ ಹಡಗುಗಳಿಂದ, ಅವರದ್ದು ಎಂಜಿನ್ ನೀರು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹಡಗುಗಳ ಪಾಲು ಏರಿತು, ಅವರದ್ದು ಬಕೆಟ್. ಲೆಕ್ಕದಲ್ಲಿ 1945ರಲ್ಲಿ ಇಡೀ ಭೂಮಿಯ ಸಮುದ್ರ ಸುಮಾರು 0.3 ಡಿಗ್ರಿ ಒಮ್ಮೆಲೇ ತಣ್ಣಗಾದ ಹಾಗೆ ಕಂಡಿತು. ಸಮುದ್ರ ತಣ್ಣಗಾಗಿರಲಿಲ್ಲ, ಅಳೆಯುವ ಕೈ ಬದಲಾಗಿತ್ತು. ಇದು ಹೀಗೆ ಅಂತ ಸ್ಪಷ್ಟವಾಗಿ ಬರೆದು ಪ್ರಕಟಿಸಿದ್ದು 2008ರಲ್ಲಿ. ಅರವತ್ತು ವರ್ಷ ಬೇಕಾಯಿತು.

ಈಗ ನೀರಿನೊಳಗೆ ಅಳೆಯುವ ಕೆಲಸವನ್ನು ಮುಖ್ಯವಾಗಿ ಮೂರು ಬಗೆಯ ಸಾಧನ ಮಾಡುತ್ತವೆ. ಒಂದು, ಸುಮ್ನೆ ಪ್ರವಾಹದ ಜೊತೆ ತೇಲಿಹೋಗುವ ಚೆಂಡಿನಂಥ ಬೋಯಾ. ಕೆಳಗೆ 15 ಮೀಟರ್ ಆಳದಲ್ಲಿ ಉದ್ದನೆಯ ಬಟ್ಟೆಯ ಕೊಳವೆ ಇಳಿಬಿಟ್ಟಿರುತ್ತಾರೆ, ಗಾಳಿಗೆ ಸಿಕ್ಕಿ ಓಡದೆ ನೀರಿನ ಜೊತೆಯೇ ಹೋಗಲಿ ಅಂತ. ಜಗತ್ತಿನ ಸಮುದ್ರಗಳಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ತಿರುಗಾಡುತ್ತಿವೆ. ಇನ್ನೊಂದು ಆರ್ಗೋ. ಇದು ಆಳೆತ್ತರದ ಸಿಲಿಂಡರ್. ಸಾವಿರ ಮೀಟರ್ ಆಳದಲ್ಲಿ ತೇಲುತ್ತಾ ಇದ್ದು, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ಮೇಲೆ ಬರುತ್ತಾ ದಾರಿಯುದ್ದಕ್ಕೂ ಬಿಸಿ ಮತ್ತು ಉಪ್ಪು ಅಳೆದುಕೊಂಡು ಬರುತ್ತದೆ. ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. ಹೀಗೆ ಸುಮಾರು 4,000 ಇವೆ. ಇದರ ಥರ್ಮಾಮೀಟರ್ ಒಂದು ಡಿಗ್ರಿಯ ಸಾವಿರ ಭಾಗದಲ್ಲಿ ಎರಡು ಭಾಗದಷ್ಟು ನಿಖರ. ನಮ್ಮ ಹಿಂದೂ ಮಹಾಸಾಗರದ ಆರ್ಗೋ ಲೆಕ್ಕವನ್ನು ನೋಡಿಕೊಳ್ಳುವುದು ಹೈದರಾಬಾದಿನ ಇನ್ಕಾಯ್ಸ್, ಕಡಲ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ. ಮೂರನೆಯದು ನೀವು ಹೇಳಿದ್ದು, ಒಂದೇ ಜಾಗದಲ್ಲಿ ಲಂಗರು ಹಾಕಿ ನಿಲ್ಲಿಸಿದ ದೊಡ್ಡ ಬೋಯಾ.

ಇಷ್ಟಾದರೂ ಸಮುದ್ರದ ಮುಂದೆ ಇವೆಲ್ಲ ಏನೂ ಅಲ್ಲ. 4,000 ಆರ್ಗೋಗಳನ್ನು ಹಂಚಿದರೆ ಒಂದರಿಂದ ಒಂದಕ್ಕೆ ಸರಾಸರಿ ಸುಮಾರು 300 ಕಿಲೋಮೀಟರ್ ಬರುತ್ತದೆ. ಕುಂದಾಪುರದಲ್ಲಿ ಒಂದು ಥರ್ಮಾಮೀಟರ್, ಮುಂದಿನದು ಗೋವಾ ದಾಟಿ ಆಚೆ ಎಲ್ಲೋ, ಅದೂ ಹತ್ತು ದಿನಕ್ಕೊಮ್ಮೆ. ಅದಕ್ಕೇ ಉಪಗ್ರಹ ಬೇಕು.

ಉಪಗ್ರಹಕ್ಕೆ ಥರ್ಮಾಮೀಟರ್ ಇಲ್ಲ. ಬೆಚ್ಚಗಿರುವ ಯಾವ ವಸ್ತುವಾದರೂ ಕಣ್ಣಿಗೆ ಕಾಣದ ಶಾಖದ ಕಿರಣ ಹೊರಡಿಸುತ್ತದೆ. ಕಾದ ಕಾವಲಿಯನ್ನು ಮುಟ್ಟದೆಯೇ, ಅಂಗೈಯನ್ನು ಅದರ ಮೇಲೆ ಹಿಡಿದು ಕಾವು ಬಂತಾ ಅಂತ ನೋಡುತ್ತೀರಲ್ಲ, ಅದೇ. ನಮ್ಮ ಇನ್ಸಾಟ್ 3ಡಿ ಸರಣಿಯ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಅರ್ಧ ಗಂಟೆಗೊಮ್ಮೆ ಈ ಕಾವನ್ನು ನೋಡುತ್ತವೆ. ತೊಂದರೆ ಏನೆಂದರೆ ಮಧ್ಯೆ ಗಾಳಿ ಇದೆ, ಗಾಳಿಯಲ್ಲಿ ನೀರಾವಿ ಇದೆ. ಅದು ಕಿರಣದ ಒಂದಷ್ಟನ್ನು ನುಂಗುತ್ತದೆ, ಸಮುದ್ರ ಇದ್ದದ್ದಕ್ಕಿಂತ ತಣ್ಣಗೆ ಕಾಣುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಈಗಲೂ ಇಷ್ಟ. ಒಂದೇ ಜಾಗವನ್ನು ಸುಮಾರು 11 ಮೈಕ್ರೋಮೀಟರ್ ಮತ್ತು 12 ಮೈಕ್ರೋಮೀಟರ್ ಅಲೆಯುದ್ದದ ಎರಡು ಕಿರಣಗಳಲ್ಲಿ ನೋಡುತ್ತಾರೆ. ನೀರಾವಿ 12ರದ್ದನ್ನು ಸ್ವಲ್ಪ ಹೆಚ್ಚು ನುಂಗುತ್ತದೆ. ಎರಡರ ಮಧ್ಯೆ ವ್ಯತ್ಯಾಸ ಎಷ್ಟಿದೆ ಅಂತ ನೋಡಿದರೆ ಒಟ್ಟು ಎಷ್ಟು ನಷ್ಟ ಆಗಿದೆ ಅಂತ ಅಂದಾಜು ಸಿಗುತ್ತದೆ, ಅದನ್ನು ಮತ್ತೆ ಸೇರಿಸುತ್ತಾರೆ. 1981ರಲ್ಲಿ ಅಮೆರಿಕದ ನೋವಾ 7 ಉಪಗ್ರಹ ಹಾರಿದಾಗಿನಿಂದ ದಿನನಿತ್ಯ ಈ ಲೆಕ್ಕ ನಡೆಯುತ್ತಿದೆ. ಇವತ್ತು ಜಗತ್ತು ಬಳಸುವ ಒಂದು ಮುಖ್ಯ ದೈನಿಕ ನಕ್ಷೆಯ ಸರಣಿ ಶುರುವಾಗುವುದೂ 1981ರ ಸೆಪ್ಟೆಂಬರಿನಿಂದಲೇ.

ಮೋಡದ ಪ್ರಶ್ನೆ ಸರಿಯಾಗಿಯೇ ಕೇಳಿದ್ದೀರಿ. ಮೋಡ ಬಂದರೆ ಈ ಬಗೆಯ ಉಪಗ್ರಹಕ್ಕೆ ಸಮುದ್ರ ಕಾಣುವುದೇ ಇಲ್ಲ, ಮೋಡದ ತಲೆ ಕಾಣುತ್ತದೆ, ಅದು ಮೈನಸ್ ಎಷ್ಟೋ ಡಿಗ್ರಿ ಇರುತ್ತದೆ. ದಪ್ಪ ಮೋಡ ಆದರೆ ಗೊತ್ತಾಗುತ್ತದೆ, ಆ ಜಾಗ ಬಿಟ್ಟುಬಿಡುತ್ತಾರೆ. ಮೋಸ ಮಾಡುವುದು ತೆಳು ಮೋಡ. ಅದು ಒಂದು ಡಿಗ್ರಿ ಕದ್ದರೆ ಮೋಡ ಅಂತಲೇ ಅನ್ನಿಸುವುದಿಲ್ಲ, ಸಮುದ್ರವೇ ತಣ್ಣಗಿದೆ ಅನ್ನಿಸುತ್ತದೆ. ಜೂನ್-ಜುಲೈನಲ್ಲಿ ನಮ್ಮ ಕರಾವಳಿಯ ಎದುರಿನ ಸಮುದ್ರ ದಿನಗಟ್ಟಲೆ ಮುಚ್ಚಿರುತ್ತದೆ. ನಕ್ಷೆ ತೆಗೆದರೆ ಇಲಿ ಕಡಿದ ಬಟ್ಟೆಯ ಹಾಗೆ ತೂತೇ ತೂತು.

ಈ ತೂತು ಮುಚ್ಚಲು ಬಂದದ್ದು ಮೈಕ್ರೋವೇವ್ ಅಳತೆ. ಈ ಅಲೆಗಳು ಮೋಡವನ್ನು ದಾಟಿ ಬರುತ್ತವೆ, ಜೋರು ಮಳೆಯನ್ನು ಮಾತ್ರ ದಾಟುವುದಿಲ್ಲ. ನಮ್ಮ ಉಷ್ಣವಲಯದ ಸಮುದ್ರಗಳಿಗೆ ಇದು ದಕ್ಕಿದ್ದು 1997ರ ನವೆಂಬರಿನಲ್ಲಿ ಅಮೆರಿಕ ಮತ್ತು ಜಪಾನ್ ಸೇರಿ ಹಾರಿಸಿದ ಟಿಆರ್‌ಎಂಎಂ ಉಪಗ್ರಹದಿಂದ. ಅದಕ್ಕೆ ಮೊದಲು ಮಳೆಗಾಲದ ಬಂಗಾಳ ಕೊಲ್ಲಿಯ ಬಿಸಿ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ ಅನ್ನುವ ಹಾಗೆ ನಕ್ಷೆಗಳು ಬರುತ್ತಿದ್ದವು, ಯಾಕೆಂದರೆ ಮೋಡದ ಕೆಳಗೆ ನೋಡಿದವರು ಇರಲಿಲ್ಲ. ನೋಡಿದ ಮೇಲೆ ತಿಳಿಯಿತು, ಮಳೆ ಬಿಡುವು ಕೊಟ್ಟ ವಾರಗಳಲ್ಲಿ ಕೊಲ್ಲಿ ಬಿಸಿಲಿಗೆ ಕಾಯುತ್ತದೆ, ಮಳೆ-ಗಾಳಿ ಮತ್ತೆ ಹಿಡಿದಾಗ ತಣಿಯುತ್ತದೆ, ಈ ಏರಿಳಿತ 1-2 ಡಿಗ್ರಿಯವರೆಗೂ ಹೋಗುತ್ತದೆ ಅಂತ. ಕೊಲ್ಲಿಯಲ್ಲಿ ಲಂಗರು ಹಾಕಿದ ನಮ್ಮ ಬೋಯಾಗಳು ಅದನ್ನೇ ಹೇಳುತ್ತಿದ್ದವು. ಮೈಕ್ರೋವೇವಿನ ದೌರ್ಬಲ್ಯ ಅಂದರೆ ದೃಷ್ಟಿ ಮಂದ. ಒಂದು ಚುಕ್ಕೆ ಅಂದರೆ ಸುಮಾರು 50 ಕಿಲೋಮೀಟರ್ ಅಗಲ. ದಡದ ಹತ್ತಿರ ನೆಲದ ಕಿರಣವೂ ಸೇರಿ ಲೆಕ್ಕ ಕೆಡುತ್ತದೆ. ಅಂದರೆ ಗಂಗೊಳ್ಳಿ, ಮಲ್ಪೆ ಎದುರಿನ ಹತ್ತಿಪ್ಪತ್ತು ಮೈಲಿಯ ನೀರು ಮಳೆಗಾಲದಲ್ಲಿ ಎಷ್ಟಿದೆ ಅಂತ ಎರಡೂ ಬಗೆಯ ಉಪಗ್ರಹ ಸರಿಯಾಗಿ ಹೇಳಲಾರವು. ಅಲ್ಲಿ ನೀರಿನಲ್ಲಿಟ್ಟ ಥರ್ಮಾಮೀಟರೇ ಗತಿ.

ಈಗ ಒಂದು ಘಟನೆ ಹೇಳಬೇಕು. ಇದನ್ನು ನಮ್ಮ ಹೊಸ ಹುಡುಗ ಹುಡುಗಿಯರಿಗೆ ಪ್ರತಿ ವರ್ಷ ಹೇಳುತ್ತೇನೆ.

1982ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿ ಸಿಡಿಯಿತು. ಅದರ ಗಂಧಕದ ಹೊಗೆ ವಾಯುಮಂಡಲದ ಮೇಲಿನ ಪದರಕ್ಕೆ ಏರಿ, ಕೆಲವೇ ವಾರಗಳಲ್ಲಿ ಉಷ್ಣವಲಯದ ಸುತ್ತ ಭೂಮಿಗೆ ಪಟ್ಟಿ ಕಟ್ಟಿದ ಹಾಗೆ ಹರಡಿತು. ಉಪಗ್ರಹದಿಂದ ಕಡಲ ಬಿಸಿ ಅಳೆಯುವ ಹೊಸ ವಿಧಾನ ಬಂದು ಅಷ್ಟೊತ್ತಿಗೆ ಒಂದು ವರ್ಷವೂ ಆಗಿರಲಿಲ್ಲ. ನೀರಾವಿಯ ನಷ್ಟಕ್ಕೆ ಲೆಕ್ಕ ಇತ್ತು, ಜ್ವಾಲಾಮುಖಿಯ ಹೊಗೆಗೆ ಇರಲಿಲ್ಲ. ಹೊಗೆ ಶಾಖವನ್ನು ತಡೆಯಿತು, ಪೆಸಿಫಿಕ್ ಸಮುದ್ರ ಇದ್ದದ್ದಕ್ಕಿಂತ ಎಷ್ಟೋ ತಣ್ಣಗೆ ಅಂತ ಉಪಗ್ರಹ ಹೇಳುತ್ತಾ ಹೋಯಿತು. ಅದೇ ಹೊತ್ತಿಗೆ, ಅದೇ ನೀರಿನಲ್ಲಿ, ಆ ಶತಮಾನದ ಅತಿ ದೊಡ್ಡ ಎಲ್ ನಿನೋಗಳಲ್ಲಿ ಒಂದು ಬೆಳೆಯುತ್ತಿತ್ತು. ಎಲ್ ನಿನೋ ಅಂದರೆ ಪೆಸಿಫಿಕ್ ನಡುಪಟ್ಟಿಯ ನೀರು ಮಾಮೂಲಿಗಿಂತ ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಇರುವುದು. ಪೆಸಿಫಿಕ್ ಕಾಯುತ್ತಿತ್ತು.

ಅಲ್ಲಿ ಹಾದುಹೋಗುವ ಹಡಗುಗಳಿಗೆ ಅದು ಗೊತ್ತಾಗಿತ್ತು. ಅವು ಅಳೆದು ಕಳಿಸಿದವು. ಆದರೆ ಲೆಕ್ಕ ಸ್ವೀಕರಿಸುವ ಕಂಪ್ಯೂಟರಿಗೆ ಒಂದು ನಿಯಮ ಹಾಕಿಟ್ಟಿದ್ದರು, ಮಾಮೂಲಿಗಿಂತ ತುಂಬಾ ಆಚೀಚೆ ಇರುವ ಅಂಕಿ ಬಂದರೆ ತಪ್ಪು ಅಂತ ತಳ್ಳು. ನಿಯಮ ಒಳ್ಳೆಯದೇ, ಬಕೆಟ್ ಅಳತೆಯಲ್ಲಿ ಎಷ್ಟು ತಪ್ಪು ಬರುತ್ತದೆ ಅಂತ ಆಗಲೇ ಹೇಳಿದೆನಲ್ಲ. ಆದರೆ ಆ ವರ್ಷ ನಿಜವೇ ಮಾಮೂಲಿಗಿಂತ ತುಂಬಾ ಆಚೆ ಇತ್ತು. ಸರಿಯಾದ ಅಂಕಿಗಳು ಕಸಕ್ಕೆ ಹೋದವು, ತಪ್ಪು ಅಂಕಿಗಳು ನಕ್ಷೆಗೆ ಬಂದವು. ಎಲ್ ನಿನೋ ಹೆಚ್ಚುಕಡಿಮೆ ತುದಿ ಮುಟ್ಟುವವರೆಗೂ ಅದು ಇದೆ ಅಂತಲೇ ಜಗತ್ತಿಗೆ ಖಾತ್ರಿಯಾಗಲಿಲ್ಲ. ಪೆರು, ಈಕ್ವೆಡಾರ್‌ಗಳಲ್ಲಿ ಪ್ರವಾಹ, ಆಸ್ಟ್ರೇಲಿಯಾ, ಇಂಡೋನೇಷ್ಯಾಗಳಲ್ಲಿ ಬರ. ಆ 1982ರ ಮುಂಗಾರು ನಮ್ಮ ದೇಶದಲ್ಲೂ ಕಡಿಮೆ ಬಿತ್ತು.

ಇದಾದ ಮೇಲೆಯೇ ಪೆಸಿಫಿಕ್ ಸಮುದ್ರದ ನಡುಪಟ್ಟಿಯ ಉದ್ದಕ್ಕೂ ಸುಮಾರು 70 ಬೋಯಾಗಳನ್ನು ಲಂಗರು ಹಾಕಿ ನಿಲ್ಲಿಸಿದ್ದು. ಸುಮಾರು ಹತ್ತು ವರ್ಷದ ಕೆಲಸ, 1994ರ ಡಿಸೆಂಬರಿನಲ್ಲಿ ಮುಗಿಯಿತು. 1997ರಲ್ಲಿ ಅಷ್ಟೇ ದೊಡ್ಡ ಎಲ್ ನಿನೋ ಬಂದಾಗ ಅದರ ಬೆಳವಣಿಗೆಯನ್ನು ದಿನದಿನವೂ ಕಣ್ಣಾರೆ ನೋಡುವುದು ಸಾಧ್ಯವಾಯಿತು. ಬೇಸರದ ಮಾತು ಏನೆಂದರೆ, ಇಂಥವನ್ನು ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. 2012ರಲ್ಲಿ ಆ ಬೋಯಾಗಳನ್ನು ನೋಡಿಕೊಳ್ಳುತ್ತಿದ್ದ ಹಡಗನ್ನು ಖರ್ಚಿನ ಕಾರಣಕ್ಕೆ ನಿಲ್ಲಿಸಿದರು. ಎರಡು ವರ್ಷದೊಳಗೆ ಬರುವ ಅಂಕಿಗಳು ಶೇಕಡ 40ರ ಆಸುಪಾಸಿಗೆ ಇಳಿದವು. ಆಮೇಲೆ ಗಡಿಬಿಡಿಯಲ್ಲಿ ಸರಿಪಡಿಸಿದರು.

ಹಾಗಾದರೆ ನಕ್ಷೆ ಆಗುವುದು ಹೇಗೆ? ಅದು ಫೋಟೋ ಅಲ್ಲ, ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಕಂಪ್ಯೂಟರ್ ಮೊದಲು ನಿನ್ನೆಯ ನಕ್ಷೆಯನ್ನು ಎದುರಿಗೆ ಇಟ್ಟುಕೊಳ್ಳುತ್ತದೆ, ಸಮುದ್ರ ಒಂದೇ ದಿನಕ್ಕೆ ತಲೆಕೆಳಗಾಗುವುದಿಲ್ಲವಲ್ಲ. ಆಮೇಲೆ ಇವತ್ತು ಬಂದ ಅಳತೆಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುತ್ತದೆ. ಉದಾಹರಣೆಗೆ ಲಕ್ಷದ್ವೀಪದ ಹತ್ತಿರದ ಒಂದು ಚೌಕ ತೆಗೆದುಕೊಳ್ಳಿ. ನಿನ್ನೆ 30.1 ಇತ್ತು. ಇವತ್ತು ಉಪಗ್ರಹ 29.5 ಅನ್ನುತ್ತದೆ, 80 ಕಿಲೋಮೀಟರ್ ದೂರದ ಬೋಯಾ 30.2 ಅನ್ನುತ್ತದೆ. ಯಾರ ಮಾತಿಗೆ ಎಷ್ಟು ತೂಕ? ಬೋಯಾ ನಿಖರ, ಆದರೆ ದೂರ ಇದೆ. ಉಪಗ್ರಹ ಆ ಚೌಕವನ್ನೇ ನೋಡಿದೆ, ಆದರೆ ಅದಕ್ಕೆ ತೆಳು ಮೋಡದ ಮೋಸ ಆಗಿರಬಹುದು. ಸುತ್ತಲಿನ ಎಲ್ಲ ಬೋಯಾಗಳ ಹತ್ತಿರವೂ ಉಪಗ್ರಹ ಅರ್ಧ ಡಿಗ್ರಿ ಕಡಿಮೆಯನ್ನೇ ಹೇಳುತ್ತಿದ್ದರೆ ಗಾಳಿಯಲ್ಲಿ ದೂಳೋ ಹೊಗೆಯೋ ಇದೆ ಅಂತ ಅರ್ಥ, ಅಷ್ಟನ್ನು ಉಪಗ್ರಹದ ಲೆಕ್ಕಕ್ಕೆ ಸೇರಿಸಿ ಸರಿಮಾಡುತ್ತಾರೆ. 1982ರಲ್ಲಿ ಇಲ್ಲದೇ ಹೋದದ್ದು ಇದೇ. ಅಳತೆಯೇ ಬಾರದ ಚೌಕಕ್ಕೆ ಅಕ್ಕಪಕ್ಕದವರನ್ನು, ನಿನ್ನೆಯ ನಕ್ಷೆಯನ್ನು ಕೇಳಿ ತುಂಬುತ್ತಾರೆ. ಮಧ್ಯಾಹ್ನದ ಬಿಸಿಯನ್ನು ಬದಿಗಿಟ್ಟು ಬೆಳಗಿನ ಜಾವದ ನೀರಿಗೆ ಲೆಕ್ಕ ಹಾಕುವುದು ಒಂದು ಪದ್ಧತಿ, ಬ್ರಿಟನ್ನಿನ ಹವಾಮಾನ ಇಲಾಖೆಯ ನಕ್ಷೆ ಹಾಗೆ. ಅದರ ಚೌಕ ಸುಮಾರು 6 ಕಿಲೋಮೀಟರ್, ಅಮೆರಿಕದ ನೋವಾ ಸಂಸ್ಥೆಯದ್ದು ಕಾಲು ಡಿಗ್ರಿ, ಅಂದರೆ ನಮ್ಮ ಕಡೆ ಸುಮಾರು 28 ಕಿಲೋಮೀಟರ್. ಎರಡನ್ನೂ ಒಂದೇ ದಿನಕ್ಕೆ ತೆಗೆದು ನೋಡಿದರೆ ಮೂರ್ನಾಲ್ಕು ದಶಮಾಂಶ ವ್ಯತ್ಯಾಸ ಇರುವುದುಂಟು. ಯಾರೂ ಸುಳ್ಳು ಹೇಳುತ್ತಿಲ್ಲ.

ಟಿವಿಯ ನಕ್ಷೆ ನೋಡುವಾಗ ಇನ್ನೊಂದನ್ನು ಗಮನಿಸಿ. ಕೆಂಪು ಅಂದರೆ ಬಿಸಿ ಅಂತಲೇ ಅಲ್ಲ. ತುಂಬಾ ನಕ್ಷೆಗಳು ತೋರಿಸುವುದು ಆ ಜಾಗದ, ಆ ತಿಂಗಳಿನ ಮಾಮೂಲಿಗಿಂತ ಎಷ್ಟು ಹೆಚ್ಚು ಕಡಿಮೆ ಅಂತ. ಹಾಗಾಗಿ 22 ಡಿಗ್ರಿಯ ನೀರು ಕೆಂಪಾಗಿಯೂ 29 ಡಿಗ್ರಿಯ ನೀರು ನೀಲಿಯಾಗಿಯೂ ಇರಬಹುದು. ಪಕ್ಕದ ಬಣ್ಣದ ಪಟ್ಟಿಯಲ್ಲಿ ಸೊನ್ನೆ ಮಧ್ಯದಲ್ಲಿದ್ದರೆ ಅದು ಈ ಬಗೆಯ ನಕ್ಷೆ.

ಇನ್ನು ಅರ್ಧ ಡಿಗ್ರಿಯ ಪ್ರಶ್ನೆ. ಸಮುದ್ರದ ಮೇಲಿನ ಸುಮಾರು ಮೂರು ಮೀಟರ್ ನೀರು ಹಿಡಿಯುವಷ್ಟು ಶಾಖವನ್ನು ಮಾತ್ರ ಅದರ ಮೇಲಿನ ಇಡೀ ವಾಯುಮಂಡಲ ಹಿಡಿಯಬಲ್ಲದು. ಹಾಗಾಗಿ ನೀರಿನಲ್ಲಿ ಅರ್ಧ ಡಿಗ್ರಿ ಅಂದರೆ ಗಾಳಿಯ ಲೆಕ್ಕದಲ್ಲಿ ಭಾರಿ ಸರಕು. ಅದಕ್ಕಿಂತ ಮುಖ್ಯ ಆವಿ. ಒಂದು ಡಿಗ್ರಿ ಏರಿದರೆ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು ಶೇಕಡ 6-7 ಏರುತ್ತದೆ. ಶೇಕಡ ಅಷ್ಟೇ ಇದ್ದರೂ ಬಿಸಿ ಸಮುದ್ರದಲ್ಲಿ ಅಸಲು ದೊಡ್ಡದು. 10 ಡಿಗ್ರಿಯಿಂದ 11ಕ್ಕೆ ಹೋದಾಗ ಸೇರುವ ಆವಿಗಿಂತ 29ರಿಂದ 30ಕ್ಕೆ ಹೋದಾಗ ಸೇರುವುದು ಹೆಚ್ಚುಕಡಿಮೆ ಮೂರು ಪಟ್ಟು. ನಮ್ಮ ಸಮುದ್ರದ ಅರ್ಧ ಡಿಗ್ರಿಯೂ ಉತ್ತರ ಅಟ್ಲಾಂಟಿಕ್‌ನ ಅರ್ಧ ಡಿಗ್ರಿಯೂ ಒಂದೇ ಅಲ್ಲ.

ಹಾಗಂತ 'ಸಮುದ್ರ ಬಿಸಿ, ಆದ್ದರಿಂದ ಚಂಡಮಾರುತ' ಅನ್ನುವ ಟಿವಿ ಮಾತನ್ನು ನಾನು ಒಪ್ಪುವುದಿಲ್ಲ. ಸೌದೆ ಇದ್ದ ಮಾತ್ರಕ್ಕೆ ಒಲೆ ಹತ್ತಿಕೊಳ್ಳುವುದಿಲ್ಲ. ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿ ಬೇಕು ಅನ್ನುತ್ತಾರೆ. ಅರಬ್ಬಿ ಸಮುದ್ರದ ನಮ್ಮ ಭಾಗ ವರ್ಷದ ಬಹುಪಾಲು ಅದಕ್ಕಿಂತ ಬಿಸಿ ಇರುತ್ತದೆ, ಆದರೂ ಚಂಡಮಾರುತ ಬರುವುದು ವರ್ಷಕ್ಕೆ ಒಂದೆರಡು, ಕೆಲವು ವರ್ಷ ಒಂದೂ ಇಲ್ಲ. ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಬೇರೆ ಬೇರೆ ದಿಕ್ಕಿಗೆ ಎಳೆದರೆ ಅದು ಎದ್ದು ನಿಲ್ಲುವುದೇ ಇಲ್ಲ. ಜುಲೈನಲ್ಲಿ ಆಗುವುದು ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು 1984ರಲ್ಲೇ ತೋರಿಸಿದ್ದರು, ಹಿಂದೂ ಮಹಾಸಾಗರದಲ್ಲಿ ದೊಡ್ಡ ಮಳೆಮೋಡ ಏಳಲು ಸುಮಾರು 28 ಡಿಗ್ರಿ ಬೇಕು, ಆದರೆ ಅದನ್ನು ದಾಟಿದ ಮೇಲೆ ಇನ್ನೂ ಬಿಸಿ ಇದ್ದಷ್ಟೂ ಮೋಡ ಜಾಸ್ತಿ ಅಂತೇನೂ ಇಲ್ಲ ಅಂತ. ನಮ್ಮ ಕರಾವಳಿಯನ್ನೇ ನೋಡಿ. ಮಳೆ ಜಡಿಯುವ ಜುಲೈ-ಆಗಸ್ಟಿನಲ್ಲಿ ದಡದ ಹತ್ತಿರದ ನೀರು ಮೇ ತಿಂಗಳಿಗಿಂತ ತಣ್ಣಗಿರುತ್ತದೆ. ಗಾಳಿ ಮೇಲಿನ ನೀರನ್ನು ಎಳೆದುಕೊಂಡು ಹೋಗಿ, ಆ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ಆ ತಣ್ಣೀರಿನ ಜೊತೆ ಬರುವ ಸತ್ವದಿಂದಲೇ ಬೂತಾಯಿಗೂ ಬಂಗುಡೆಗೂ ಮೇವು.

ಮತ್ತೆ ಬಿಸಿ ಎಷ್ಟು ಅನ್ನುವುದರಷ್ಟೇ ಮುಖ್ಯ, ಬಿಸಿ ಎಷ್ಟು ಆಳದವರೆಗೆ ಇದೆ ಅನ್ನುವುದು. ಚಂಡಮಾರುತ ತನ್ನ ಕೆಳಗಿನ ಸಮುದ್ರವನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ಬಿಸಿಪದರ ತೆಳ್ಳಗಿದ್ದರೆ ಕೆಳಗಿನ ತಣ್ಣೀರು ಮೇಲೆ ಬಂದು ಅದರ ಕಾಲನ್ನು ಅದೇ ಎಳೆದುಕೊಂಡ ಹಾಗಾಗುತ್ತದೆ. ದಪ್ಪ ಇದ್ದರೆ ಎಷ್ಟು ಕಡೆದರೂ ಬಿಸಿನೀರೇ. 2021ರ ಮೇ 14ರಂದು ಲಕ್ಷದ್ವೀಪದ ಹತ್ತಿರ ರೂಪುಗೊಂಡ ತೌಕ್ತೆ ನಿಮಗೆ ನೆನಪಿರುತ್ತದೆ, ನಮ್ಮ ಮೂರೂ ಕರಾವಳಿ ಜಿಲ್ಲೆಗಳ ದಡ ಕೊರೆದುಕೊಂಡು, ಉತ್ತರಕ್ಕೆ ಹೋಗಿ 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಮುಂಗಾರಿಗೆ ಮೊದಲು ಲಕ್ಷದ್ವೀಪ-ಕೇರಳದ ಎದುರು 30 ಡಿಗ್ರಿ ದಾಟಿದ ಬಿಸಿನೀರಿನ ಒಂದು ಹರವು ಪ್ರತಿ ವರ್ಷ ಆಗುತ್ತದೆ, ತೌಕ್ತೆ ಹುಟ್ಟಿದ್ದು ಅದರ ಮೇಲೆಯೇ. ಉಪಗ್ರಹಕ್ಕೆ ಕಾಣುವುದು ಮೇಲ್ಮೈ ಮಾತ್ರ. ಆಳದ ಲೆಕ್ಕಕ್ಕೆ ಆರ್ಗೋ ಬೇಕು, ಬೋಯಾ ಬೇಕು. ಚಂಡಮಾರುತ ಸಮುದ್ರವನ್ನು ತಣಿಸುತ್ತದೆ, ತಣಿದ ಸಮುದ್ರ ಚಂಡಮಾರುತವನ್ನು ಕುಗ್ಗಿಸುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕುವ ಮುನ್ಸೂಚನೆ ಈಗೀಗ ಮಾಮೂಲಾಗುತ್ತಿದೆ. ಯುರೋಪಿನ ಮುನ್ಸೂಚನಾ ಕೇಂದ್ರ ತನ್ನ ಮುಖ್ಯ ಮಾದರಿಯಲ್ಲಿ ಇದನ್ನು 2018ರಲ್ಲಿ ಶುರು ಮಾಡಿತು.

ಮುಂಗಾರಿನ ಮುನ್ಸೂಚನೆಗೆ ನಮ್ಮ ಸಮುದ್ರದ ಬಿಸಿ ಒಂದೇ ಸಾಲುವುದಿಲ್ಲ. ಪೆಸಿಫಿಕ್ ಸಮುದ್ರದ ನಡುಭಾಗ ಅರ್ಧ ಡಿಗ್ರಿ ಮೇಲೆ ಹೋಗಿ ಅಲ್ಲೇ ನಿಂತರೆ ಎಲ್ ನಿನೋ ಅಂತ ಎಚ್ಚರಾಗುತ್ತಾರೆ. 2023ರಲ್ಲಿ ಆಗಿದ್ದು ಅದೇ. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್, ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ. ಆದರೆ 1997ರಲ್ಲಿ ಅದಕ್ಕಿಂತ ದೊಡ್ಡ ಎಲ್ ನಿನೋ ಇದ್ದೂ ದೇಶಕ್ಕೆ ಮಾಮೂಲಿ ಮಳೆ ಆಯಿತು. ಆ ವರ್ಷ ಹಿಂದೂ ಮಹಾಸಾಗರದ ಆಫ್ರಿಕಾ ಕಡೆಯ ನೀರು ಕಾದು, ಸುಮಾತ್ರಾ ಕಡೆಯದು ತಣಿದಿತ್ತು. ಈ ತಕ್ಕಡಿಯಾಟಕ್ಕೆ ಹೆಸರು ಕೊಟ್ಟು ವಿವರಿಸಿದ್ದು 1999ರಲ್ಲಿ, ಜಪಾನಿನ ಯಮಗಾಟಾ ಅವರ ಜೊತೆ ಸಾಜಿ, ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್. ಕೊನೆಯ ಇಬ್ಬರೂ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದವರು ಅಂತ ಹೇಳಲು ನನಗೆ ಖುಷಿ. ಈ ತಕ್ಕಡಿ ಎತ್ತ ವಾಲಿದೆ ಅಂತ ಅಳೆಯುವುದೂ ಡಿಗ್ರಿಯ ದಶಮಾಂಶಗಳಲ್ಲೇ. ಅಳತೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೆ ತಕ್ಕಡಿ ಮೇಲೋ ಕೆಳಗೋ ಅಂತಲೇ ತಿಳಿಯುವುದಿಲ್ಲ.

ಈಗ ನಿಮ್ಮ ಬೋಯಾ. ಅದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯದ್ದು ಇರಬೇಕು. 1997ರಿಂದ ಅವರು ನಮ್ಮ ಎರಡೂ ಕಡೆಯ ಸಮುದ್ರದಲ್ಲಿ ಇಂಥವನ್ನು ನಿಲ್ಲಿಸುತ್ತಾ ಬಂದಿದ್ದಾರೆ. ನಿಮಗೆ ಕಾಣುವುದು ತಲೆ ಮಾತ್ರ. ಆಳದ ಸಮುದ್ರದಲ್ಲಿ ನಿಂತವುಗಳ ಕೆಳಗೆ 500 ಮೀಟರ್ ಆಳದವರೆಗೂ ಹಗ್ಗದುದ್ದಕ್ಕೆ ಬಿಸಿ, ಉಪ್ಪು ಅಳೆಯುವ ಸಾಧನಗಳನ್ನು ಕಟ್ಟಿರುತ್ತಾರೆ. ಅದರ ನೆರಳಿಗೆ ಪಾಚಿ ಕಟ್ಟುತ್ತದೆ, ಪಾಚಿಗೆ ಸಣ್ಣ ಮೀನು, ಅದಕ್ಕೆ ದೊಡ್ಡ ಮೀನು ಬರುತ್ತದೆ, ಮೀನಿನ ಹಿಂದೆ ಬೋಟ್ ಬರುವುದು ಸಹಜ. ಅದನ್ನು ತಪ್ಪು ಅನ್ನಲಾರೆ. ಆದರೆ ಬೋಟ್ ಕಟ್ಟಿದಾಗ ಆಗುವುದು ಇದು: ಅಲೆಗೆ ಬೋಟ್ ಎಳೆದಾಗ ಮೇಲಿನ ಕಂಬ ಬಾಗುತ್ತದೆ, ಬಲೆಯೋ ಗಾಳವೋ ಸಿಕ್ಕಿ ಕೆಳಗಿನ ಸಾಧನಗಳ ವೈರ್ ಹರಿಯುತ್ತದೆ. ಒಮ್ಮೆ ಅಂಕಿ ನಿಂತರೆ ಮತ್ತೆ ಹಡಗು ಹೋಗಿ ಸರಿಮಾಡಲು ತಿಂಗಳುಗಟ್ಟಲೆ ಬೇಕು, ಮಳೆಗಾಲ ಬಂದರೆ ಇನ್ನೂ ತಡ. ಮೇ ತಿಂಗಳಲ್ಲಿ ಹಾಗಾದರೆ, ಚಂಡಮಾರುತ ಹುಟ್ಟುವ ಹೊತ್ತಿಗೆ ಆ ಜಾಗದ ಬಿಸಿ ಹೇಳಲು ನೀರಿನಲ್ಲಿ ಯಾರೂ ಇರುವುದಿಲ್ಲ, ಮೇಲೆ ಮೋಡ ಕವಿದಿರುತ್ತದೆ. ನಿಮ್ಮ ಬೋಟಿಗೆ ಬರುವ ಎಚ್ಚರಿಕೆ ಅಷ್ಟರಮಟ್ಟಿಗೆ ಕುರುಡಾಗುತ್ತದೆ. ಇನ್ಕಾಯ್ಸ್‌ನವರು ಮೀನು ಸಿಗುವ ಜಾಗದ ಸೂಚನೆ ಕೊಡುತ್ತಾರಲ್ಲ, ಅದಕ್ಕೂ ಮೂಲ ಕಡಲ ಬಿಸಿಯ ನಕ್ಷೆಯೇ. ಬಿಸಿನೀರೂ ತಣ್ಣೀರೂ ಸೇರುವ ಗೆರೆಯಲ್ಲಿ ಮೇವು ಕೂಡಿಕೊಳ್ಳುತ್ತದೆ, ಆ ಗೆರೆಯನ್ನು ಹುಡುಕಿ ಹೇಳುತ್ತಾರೆ.

ನಿಮ್ಮ ಬೋಟಿನವರಿಗೆ ಹೇಳಿ, ಹಗ್ಗ ಕಟ್ಟದೆ, ಬಲೆ ಅದರ ಹಗ್ಗಕ್ಕೆ ಸಿಗದಷ್ಟು ದೂರ ನಿಂತು ಮೀನು ಹಿಡಿಯಲಿ. ಹಗ್ಗ ಕಡಿದು ತೇಲಿಕೊಂಡು ಬಂದ ಬೋಯಾ ಎಲ್ಲಾದರೂ ಕಂಡರೆ ಎಳೆದು ತರಬೇಡಿ. ಮೈಮೇಲೆ ಬರೆದಿರುವ ನಂಬರನ್ನೂ ಜಿಪಿಎಸ್ ತೋರಿಸುವ ಜಾಗವನ್ನೂ ಬರೆದುಕೊಂಡು ಕರಾವಳಿ ಕಾವಲು ಪೊಲೀಸರಿಗೋ ಮೀನುಗಾರಿಕೆ ಇಲಾಖೆಗೋ ಕೊಡಿ, ಅವರು ಚೆನ್ನೈಗೆ ಮುಟ್ಟಿಸುತ್ತಾರೆ.